ಆದಿಯ ಮೋಟಾರು ವಾಹನಗಳ ಜೀರ್ಣೋದ್ಧಾರ

ಮೋಟಾರು ವಾಹನವು ಪೂರ್ವಪರಂಪರೆಯಿಲ್ಲದ ನೂತನ ಸೃಷ್ಟಿಯೆಂಬುದು ಸಾಮಾನ್ಯವಾದ ಅಭಿಪ್ರಾಯ. ಚರಿತ್ರೆಯನ್ನು ಪರಿಶೀಲಿಸಿದರೆ ಇದು ನಿಲ್ಲತಕ್ಕದ್ದಲ್ಲ. ಜರ್ಮನಿಯ ಕಾರ್ಲ್ ಬೆಂಜನು ತನ್ನ ತ್ರಿಚಕ್ರವಾಹನಕ್ಕೆ 1886ರ ಜನವರಿ 29ರಂದು ಹಕ್ಕುಪತ್ರವನ್ನು ಬೇಡಿದನು. ಅದೇ ವರ್ಷದಲ್ಲಿ ಡೈಮ್ಲರನು ಗಾಡಿ ಕಟ್ಟುವವರಿಂದ ಒಂದು ಕುದುರೆಗಾಡಿಯನ್ನೇ ಕೊಂಡು ಅದಕ್ಕೆ ಯಂತ್ರವನ್ನು ಕೂಡಿಸಿದನು. ಕುದುರೆ ಹೋಯಿತು, ಗಾಡಿ ಉಳಿಯಿತು.

ಹೀಗೆ ಉಳಿದುಬಂದ ಅಂಗಗಳು ಅಲ್ಪವಲ್ಲ. ಕುಲುಕಾಟವನ್ನು ತಗ್ಗಿಸುವ ಬಿಲ್ಲುಪಟ್ಟಿಗಳಿಗೆ 1804ರಲ್ಲಿ ಎಲಿಯಟ್ಟನು ಹಕ್ಕುಪತ್ರವನ್ನು ಪಡೆದದ್ದು ಕುದುರೆಗಾಡಿಗಾಗಿ. ತಿರುವಿನಲ್ಲಿ ಮುಂದಿನ ಚಕ್ರಗಳೆರಡೂ ಬೇರೆಬೇರೆ ಕೋನದಲ್ಲಿ ಹೊರಳುವ ಯುಕ್ತಿಯನ್ನು ಕಲ್ಪಿಸಿದ ಲಾಂಕೆನ್‌ಸ್ಪೆರ್ಗರನು ಮ್ಯೂನಿಕ್ಕಿನ ಗಾಡಿ ಕಟ್ಟುವವನು. 1818ರಲ್ಲಿ ಲಂಡನ್ನಿನಲ್ಲಿ ಅದರ ಹಕ್ಕುಪತ್ರವನ್ನು ಪಡೆದ ಆಕರ್ಮನ್ನನ ಹೆಸರೇ ಆ ಯುಕ್ತಿಗೆ ಇಂದಿಗೂ ನಿಂತಿದೆ. ಲ್ಯಾಂಡೋ, ಫೇಟನ್ ಎಂಬ ಮೋಟಾರುಭೇದಗಳ ನಾಮಗಳು ಕುದುರೆಗಾಡಿಗಳವೇ. ಫೇಟನ್ ಎಂಬುದಂತೂ ಯವನಪುರಾಣದಲ್ಲಿ ತಂದೆಯ ರಥವನ್ನು ನಡೆಸಲಾರದೆ ಕೆಟ್ಟ ಸೂರ್ಯಪುತ್ರನ ಹೆಸರು. ಅಶ್ವಶಕ್ತಿಯೆಂಬ ಮಾನದಲ್ಲಿ ಅಶ್ವವೂ ಉಳಿದಿದೆ. ದಕ್ಷಿಣದೇಶದಲ್ಲಿಯೂ ಕ್ರಮವು ಇದೇ. 1840ರಲ್ಲಿ ಗಾಡಿ ಕಟ್ಟುವ ಸಂಸ್ಥೆಯಾಗಿ ಮದರಾಸಿನಲ್ಲಿ ತಲೆಯೆತ್ತಿದ ಸಿಂಪ್ಸನ್ ಸಂಸ್ಥೆಯೇ ಮುಂದೆ ಯಂತ್ರವಾಹನಗಳ ನಿರ್ಮಾಣಕ್ಕೆ ಕೈಯಿಕ್ಕಿತು.

ಈಗ ಜೀರ್ಣೋದ್ಧಾರದ ವಿಚಾರ. ಮಿಲಿಂದಪ್ರಶ್ನದಲ್ಲಿ ನಾಗಸೇನನು ರಾಜನನ್ನು ಕೇಳುವನು: ಮೂಕಿಯು ರಥವೇ, ಅಚ್ಚು ರಥವೇ, ಚಕ್ರವು ರಥವೇ ಎಂದು. ಯಾವ ಒಂದಂಗವೂ ರಥವಲ್ಲ. ಅಂಗಗಳ ಕೂಟವನ್ನಾಶ್ರಯಿಸಿ ಆ ಹೆಸರು ನಿಂತಿದೆಯೆಂದು ತೀರ್ಮಾನ. ಹಾಗಾದರೆ ಲೋಪವಾದ ಅಂಗಗಳನ್ನೆಲ್ಲ ಹೊಸದಾಗಿ ಕೂಡಿಸಿದ ವಾಹನವನ್ನು ಪ್ರಾಚೀನವೆನ್ನಬಹುದೇ? ಗ್ರಂಥಸಂಪಾದಕರಿಗೆ ಈ ಸಂಶಯವು ಹೊಸದಲ್ಲ. ತ್ರುಟಿತವಾದೆಡೆಯಲ್ಲಿ ತನ್ನ ಪಾಠವನ್ನು ತುಂಬಿ ಅದನ್ನು ಕವಿಯ ಪಾಠವೆಂದು ಮೆರೆಸುವವನು ಸಂಪಾದಕನಲ್ಲ. ಮರದ ಚಕ್ರವಿದ್ದೆಡೆ ಲೋಹದ ಚಕ್ರವನ್ನಿಟ್ಟು ಹೊಳೆಯುವ ಬಣ್ಣವನ್ನು ಬಳಿದರೆ, ವಾಹನವು ಓಡೀತು. ಅದರ ವಂಶಾವಳಿಯು ಅಳಿದುಹೋದೀತು.

ಕನ್ನಡನಾಡಿನಲ್ಲಿ ಈ ವಾಹನಗಳನ್ನು ಕಾಪಾಡುವ ಯತ್ನವು ನಡೆಯದೆ ಇಲ್ಲ. ಧರ್ಮಸ್ಥಳದ ಶ್ರೀ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹವು ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರ ದರ್ಶನಕ್ಕಿದೆ. ಆದರೆ ವಾಹನವನ್ನು ಕಾಪಾಡಿದಷ್ಟಕ್ಕೆ ಅದನ್ನು ಕಟ್ಟಿದ ವಿದ್ಯೆಯು ಉಳಿಯದು. ಆ ವಿದ್ಯೆಯ ನೆಲೆಯನ್ನು ನಗರದ ಮೋಟಾರುಶಾಲೆಗಳಲ್ಲಿ ಮಾತ್ರವಲ್ಲ, ಗಾಡಿಯ ಸೀಮೆಗಳಲ್ಲಿಯೂ ಅರಸಬೇಕು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯು ಅಂಥ ಸೀಮೆಗಳಲ್ಲೊಂದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ 1910ರ ದಶಕದಲ್ಲಿ 2 ಅಡಿ 6 ಅಂಗುಲದ ಕಿರುರೈಲು ಬಂದಿತು. ಗೌರಿಬಿದನೂರು ಬೆಂಗಳೂರು–ಗುಂತಕಲ್ಲು ಮಾರ್ಗದಲ್ಲಿತ್ತು. ನಿಲ್ದಾಣದಿಂದ ಹಳ್ಳಿಗಳಿಗೆ ಆಗ ಜಟಕಾಬಂಡಿಯೂ ಎತ್ತಿನಗಾಡಿಯೂ ಗತಿ. ಆ ಗಾಡಿಯ ಚಕ್ರವನ್ನು ಬಡಗಿಯು ನಾಭಿ, ಅರ, ನೇಮಿಗಳಿಂದ ಕಟ್ಟುವನು. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ನೇಮಿಗೆ ತೊಡಿಸಿ ನೀರೆರೆಯುವನು. ಪಟ್ಟಿಯು ಕುಗ್ಗಿ ಕೀಲುಗಳೆಲ್ಲ ಬಿಗಿಯುವುವು. ಆದಿಯ ಮೋಟಾರುಗಳಲ್ಲಿ ನಾಭಿಯು ಲೋಹದ್ದಾದರೂ ಅರ, ನೇಮಿಗಳು ಬಹುಮಟ್ಟಿಗೆ ಮರದವೇ. ಅವನ್ನು ಬಿಗಿಯುವ ತತ್ತ್ವವೂ ಇದೇ.

ಇಂದು ಎತ್ತಿನಗಾಡಿಯೂ ರಬ್ಬರಿನ ಚಕ್ರವನ್ನು ತೊಟ್ಟಿದೆ. ಮರದ ಚಕ್ರವನ್ನು ಕಟ್ಟಬಲ್ಲವರು ವಿರಳರಾಗುತ್ತಿರುವರು. ಓಲೆಗರಿಗಳಿದ್ದೂ ಲಿಪಿಯನ್ನು ಓದಬಲ್ಲವರಿಲ್ಲದಿದ್ದರೆ ಗ್ರಂಥವು ಮೂಕವಾಗುವಂತೆ, ವಾಹನವಿದ್ದೂ ಅದರ ಚಕ್ರವನ್ನು ಕಟ್ಟಬಲ್ಲವರಿಲ್ಲದಿದ್ದರೆ ಅದು ನಿಶ್ಚಲವಾಗುವುದು. ಆದುದರಿಂದ ಯಂತ್ರದ ಚರಿತ್ರೆಯನ್ನು ಬರೆಯುವವರು ಬಡಗಿ, ಕಮ್ಮಾರರ ಮಾತುಗಳನ್ನೂ ಅಳತೆಗಳನ್ನೂ ಅವರು ಇರುವಾಗಲೇ ಸಂಗ್ರಹಿಸತಕ್ಕದ್ದು. ಜೀರ್ಣೋದ್ಧಾರದ ಮೊದಲ ಕಾರ್ಯವು ಅದೇ.