ದನ ಇಳಿದರೆ ಹೊಳೆ ಹಾಳಾಗುತ್ತದೆಯೇ? 'ಆಗ–ಈಗ' ಫೋಟೊಗಳ ಹಿಂದಿನ ಕಥೆ

ಎಡಗಡೆ ಬೋಳು ದಂಡೆಯ, ಕೆಸರು ತುಂಬಿದ ಹೊಳೆ. ಬಲಗಡೆ ಅದೇ ಹೊಳೆ, ಆದರೆ ಎದೆಮಟ್ಟ ಪೊದೆ, ತಿಳಿನೀರು. ಕೆಳಗೆ ಒಂದು ಸಾಲು: 'ದನಗಳನ್ನು ಹೊರಗಿಟ್ಟರು, ಹೊಳೆ ಬದುಕಿತು.' ಅಮೆರಿಕದ ಹೊಳೆಗಳ ಇಂಥ ಜೋಡಿ ಫೋಟೊ ಗ್ರೂಪಿಗೆ ಬಂದರೆ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: 'ದನ ನೀರು ಕುಡಿದರೆ ಹೊಳೆ ಸಾಯುತ್ತಾ? ನಮ್ಮಜ್ಜನ ಕಾಲದಿಂದ ಕುಡೀತಾ ಇಲ್ವಾ?'

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನಮ್ಮೂರಿನ ದನ ಬೆಳಗ್ಗೆ ದನ ಕಾಯುವವರ ಜೊತೆ ಹೊರಟು, ನೀರು ಕುಡಿದು, ಸಂಜೆ ಕೊಟ್ಟಿಗೆಗೆ ಮರಳುತ್ತದೆ. ಪಶ್ಚಿಮ ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಮೇಯಿಸಲು ಪರವಾನಗಿ ಕೊಡುತ್ತಾರೆ. ಶುಲ್ಕವೂ ಅಗ್ಗ: 2019ರಿಂದ 2025ರವರೆಗೆ ಒಂದು ಹಸು ಮತ್ತು ಅದರ ಕರುವಿಗೆ ತಿಂಗಳಿಗೆ 1.35 ಡಾಲರ್. ಒಮ್ಮೆ ಬಿಟ್ಟ ದನಗಳು ಎಷ್ಟೋ ಕಡೆ ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ತಿರುಗಾಡುತ್ತವೆ. ಸುತ್ತ ಒಣಭೂಮಿ, ಮೇಲೆ ಬೇಸಿಗೆಯ ಬಿಸಿಲು. ಹಸಿರು, ನೆರಳು, ನೀರು ಮೂರೂ ಸಿಗುವುದು ಹೊಳೆಯ ದಂಡೆಯಲ್ಲಿ ಮಾತ್ರ. ಅಲ್ಲಿಗೆ ಹೋದ ದನ ಅಲ್ಲೇ ಠಿಕಾಣಿ ಹೂಡುತ್ತದೆ.

ಹಾಗಾಗಿ ತೊಂದರೆ ದನ ಕುಡಿಯುವ ನೀರಿನದಲ್ಲ, ಅದು ದಂಡೆಯಲ್ಲಿ ಕಳೆಯುವ ದಿನಗಳದು. ಗೊರಸಿನ ತುಳಿತಕ್ಕೆ ದಂಡೆ ಕುಸಿಯುತ್ತದೆ. ಮಣ್ಣನ್ನು ಬೇರುಗಳಿಂದ ಹಿಡಿದಿಡುವ ವಿಲೋ ಗಿಡದ ಎಳೆ ಚಿಗುರು ದನದ ಬಾಯಿಗೆ ಹೋಗುತ್ತದೆ. ಕಿರಿದಾಗಿ ಆಳವಾಗಿದ್ದ ಹೊಳೆ ಅಗಲವಾಗಿ ತೆಳುವಾಗುತ್ತದೆ. ನೆರಳಿಲ್ಲದ ತೆಳು ನೀರು ಬೇಗ ಬಿಸಿಯಾಗುತ್ತದೆ. ಬುಲ್ ಟ್ರೌಟ್‌ನಂಥ ಮೀನಿಗೆ ತಣ್ಣೀರೇ ಬೇಕು. ಅದು ಮೊಟ್ಟೆಯಿಡುವುದು ಕಲ್ಲುಹರಳುಗಳ ಸಂದಿಯಲ್ಲಿ, ಅಲ್ಲಿ ಹೂಳು ತುಂಬಿದರೆ ಮೊಟ್ಟೆಗೆ ಉಸಿರಿಲ್ಲ. ಸಗಣಿ ಗದ್ದೆಗೆ ಗೊಬ್ಬರ ನಿಜ, ನೀರಿಗೆ ಬಿದ್ದಾಗ ಅದು ಬ್ಯಾಕ್ಟೀರಿಯಾದ ಮೂಲವೂ ಹೌದು.

ದನ ತೆಗೆದರೆ ಹೊಳೆ ನಿಜಕ್ಕೂ ಸುಧಾರಿಸುತ್ತದೆಯೇ? ಓರೆಗಾನ್ ರಾಜ್ಯದ ಹಾರ್ಟ್ ಮೌಂಟನ್ ವನ್ಯಜೀವಿ ಆಶ್ರಯತಾಣದಲ್ಲಿ 1990ರ ದಶಕದ ಆರಂಭದಲ್ಲಿ ದನ ಮೇಯಿಸುವುದನ್ನು ನಿಲ್ಲಿಸಲಾಯಿತು. 23 ವರ್ಷಗಳ ನಂತರ ಸಂಶೋಧಕರು ಹಳೆಯ 64 ಫೋಟೊಗಳನ್ನು ಹಿಡಿದು, ಅವೇ ಜಾಗಗಳನ್ನು ಹುಡುಕಿ ಮತ್ತೆ ಕ್ಲಿಕ್ಕಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬೋಳು ಮಣ್ಣು 90% ಕಡಿಮೆಯಾಗಿತ್ತು, ವಿಲೋ ಸುಮಾರು ಐದು ಪಟ್ಟಾಗಿತ್ತು. ಯಾರೂ ಸಸಿ ನೆಡುವ ಅಭಿಯಾನ ಮಾಡಿ ಬೆಳೆಸಿದ್ದಲ್ಲ. ಅಂದರೆ ಇಂಥ ಜೋಡಿ ಫೋಟೊಗಳೆಲ್ಲ ಸುಳ್ಳಲ್ಲ.

ಸ್ವಯಂಸೇವಕರಿಗೆ ಅಲ್ಲೇನು ಕೆಲಸ?

1968ರಲ್ಲಿ ಅಮೆರಿಕ ಕೆಲವು ನದಿಗಳನ್ನು ಅವುಗಳ ಸಹಜ ರೂಪದಲ್ಲೇ ಉಳಿಸಲು ಪ್ರತ್ಯೇಕ ಕಾನೂನು ಮಾಡಿತು. ಆದರೆ ಹೊಳೆಗಳು ಸಾವಿರಾರು ಮೈಲಿ, ಸಿಬ್ಬಂದಿ ಬೆರಳೆಣಿಕೆ. ಈ ಸಂದಿಯಲ್ಲಿ ಬರುವವರೇ ಸ್ವಯಂಸೇವಕರು. ಅವರು ದನ ಓಡಿಸುವುದಿಲ್ಲ, ಬೇಲಿ ಮುಟ್ಟುವುದಿಲ್ಲ, ದನದ ಮಾಲೀಕರ ಜೊತೆ ಜಗಳಕ್ಕೂ ನಿಲ್ಲುವುದಿಲ್ಲ. ಅಳೆಯುತ್ತಾರೆ, ಫೋಟೊ ತೆಗೆಯುತ್ತಾರೆ, ಬರೆದಿಡುತ್ತಾರೆ.

ಅಳೆಯುವುದೆಂದರೆ ಮೊಣಕಾಲೂರಿ ಮಾಡುವ ಕೆಲಸ. ಮೇಯ್ದ ಮೇಲೆ ದಂಡೆಯಲ್ಲಿ ಉಳಿದ ಹುಲ್ಲಿನ ಎತ್ತರವನ್ನು ಸ್ಕೇಲಿಟ್ಟು ನೋಡಬೇಕು. ಹಲವು ಕಡೆ 4ರಿಂದ 6 ಇಂಚು ಉಳಿದಿರಬೇಕೆಂಬ ಮಿತಿಯಿದೆ. ಅಧಿಕಾರಿಗಳು ಬಳಸುವ ಒಂದು ವಿಧಾನದಲ್ಲಿ ಕನಿಷ್ಠ 110 ಮೀಟರ್ ಉದ್ದದ ದಂಡೆಯನ್ನು ಹೆಜ್ಜೆ ಹೆಜ್ಜೆಗೂ ನೋಡುತ್ತಾ ಹೋಗಬೇಕು: ಎಷ್ಟು ಕಡೆ ಗೊರಸಿನ ಗುರುತಿದೆ, ಎಷ್ಟು ಚಿಗುರು ಕಚ್ಚಿಸಿಕೊಂಡಿದೆ. ಗುರುತು ದನದ್ದೋ, ಎಲ್ಕ್ ಜಿಂಕೆಯದೋ, ಕಾಡುಕುದುರೆಯದೋ ಎಂದು ತಿಳಿಯಬೇಕು. ಇಲ್ಲದಿದ್ದರೆ ಕುದುರೆಯ ತಪ್ಪು ದನದ ಲೆಕ್ಕಕ್ಕೆ ಬೀಳುತ್ತದೆ. ಸ್ಥಳ, ದಿನಾಂಕ ದಾಖಲಾಗದ ಫೋಟೊಗೆ ಬೆಲೆಯಿಲ್ಲ. (ನಮ್ಮ ಫಾರ್ವರ್ಡ್‌ಗಳಿಗೂ ಈ ನಿಯಮ ಇದ್ದಿದ್ದರೆ ನಮಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು!)

ದಾಖಲೆ ಕೈಯಲ್ಲಿದ್ದರೆ ಗೆದ್ದಂತೆ ಎನ್ನಲಾಗದು. 1998ರಲ್ಲಿ ಓರೆಗಾನಿನ ಓವೈಹೀ ನದಿಯ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು, ದನ ಮೇಯಿಸುವುದರ ಪರಿಣಾಮವನ್ನು ಸರಿಯಾಗಿ ಪರಿಗಣಿಸದ ಸರ್ಕಾರಿ ನಿರ್ವಹಣಾ ಯೋಜನೆ ಕಾನೂನಿಗೆ ವಿರುದ್ಧ ಎಂದಿತು. ಅದೇ ರಾಜ್ಯದ ಮಲ್ಹೂರ್ ನದಿಯಲ್ಲಿ ಬುಲ್ ಟ್ರೌಟ್‌ಗಾಗಿ 2003ರಲ್ಲಿ ಶುರುವಾದ ಮೊಕದ್ದಮೆ 2020ರವರೆಗೆ ನಡೆಯಿತು. ಕೊನೆಗೆ ಮೇಲ್ಮನವಿ ನ್ಯಾಯಾಲಯ ಅರಣ್ಯ ಇಲಾಖೆಯ ಪರ ತೀರ್ಪು ಕೊಟ್ಟಿತು. ಪರಿಸರವಾದಿಗಳಿಗೆ ಹದಿನೇಳು ವರ್ಷ ಹೋರಾಡಿಯೂ ಸೋಲು.

ದನದ ಮಾಲೀಕರನ್ನು ಖಳನಾಯಕರಾಗಿಸುವ ಪೋಸ್ಟ್‌ಗಳನ್ನೂ ನಾವು ಒಪ್ಪುವುದಿಲ್ಲ. ಹೊಳೆಯಿಂದ ದೂರ ನೀರಿನ ತೊಟ್ಟಿ ಕಟ್ಟಿ, ದಂಡೆಗೆ ಬೇಲಿ ಹಾಕಿ, ಮೇಯಿಸುವ ಕಾಲ ಮತ್ತು ದಿನಗಳನ್ನು ಬದಲಿಸಿದರೂ ಎಷ್ಟೋ ಕಡೆ ದಂಡೆ ಚೇತರಿಸಿಕೊಳ್ಳುತ್ತದೆ. ಎಲ್ಲ ಕಡೆಯೂ ದನ ಪೂರ್ತಿ ಹೊರಹೋಗಲೇಬೇಕು ಎಂದೇನಿಲ್ಲ.

ಹಾಗಾದರೆ ಮೊಬೈಲಿಗೆ ಬಂದ ಜೋಡಿ ಫೋಟೊ ಅಸಲಿಯೇ ಎಂದು ನೋಡುವುದು ಹೇಗೆ? ಮೊದಲು ಹಿನ್ನೆಲೆಯ ಬೆಟ್ಟದ ಅಂಚು, ದೊಡ್ಡ ಬಂಡೆ ನೋಡಿ. ಹುಲ್ಲು ಬದಲಾಗುತ್ತದೆ, ಬೆಟ್ಟ ಬದಲಾಗುವುದಿಲ್ಲ. ಆಮೇಲೆ ತಿಂಗಳು. ಒಂದು ಫೋಟೊ ಹಿಮ ಕರಗಿದ ಮೇ ತಿಂಗಳಿನದು, ಇನ್ನೊಂದು ಒಣ ಸೆಪ್ಟೆಂಬರಿನದು ಆಗಿದ್ದರೆ, ದನ ಇರಲಿ ಇಲ್ಲದಿರಲಿ, ಹೊಳೆ ಬೇರೆಯಾಗಿಯೇ ಕಾಣುತ್ತದೆ. ಮಳೆ ಚೆನ್ನಾಗಿ ಬಂದ ವರ್ಷವನ್ನು ಬರಗಾಲದ ವರ್ಷದ ಪಕ್ಕ ಇಟ್ಟರೂ ಅಷ್ಟೇ. ಹಾರ್ಟ್ ಮೌಂಟನ್‌ನಲ್ಲಿ ಸಂಶೋಧಕರು ಒಂದು ಜೋಡಿಯನ್ನು ಆರಿಸಿ ತೋರಿಸಲಿಲ್ಲ, 64 ಜಾಗಗಳನ್ನೂ ನೋಡಿದರು. ಎಲ್ಲ ಜಾಗಗಳೂ ಒಂದೇ ಸಮ ಸುಧಾರಿಸಿರಲಿಲ್ಲ, ಹೊಳೆಯ ಪಾತ್ರ ಕಿರಿದಾಗಿದ್ದು ಸುಮಾರು ಮೂರನೇ ಎರಡು ಪಾಲು ಕಡೆ ಮಾತ್ರ.