ಲೆಕ್ಕ ಒಪ್ಪಿಸುವ ಧರ್ಮ

ಅಧಿಕಾರ ಹಿಡಿದವನು ಪ್ರಜೆಗಳ ಹಣಕ್ಕೆ ಒಡೆಯನಲ್ಲ. ನಂಬಿ ಇರಿಸಿದ ಠೇವಣಿಯ ಪಾಲಕನು ಮಾತ್ರ. ಠೇವಣಿಗೆ ಲೆಕ್ಕ ಒಪ್ಪಿಸುವುದು ವ್ಯಾಪಾರದಲ್ಲಿ ಹೇಗೋ ಆಡಳಿತದಲ್ಲಿಯೂ ಹಾಗೆಯೇ ಧರ್ಮವು. ಆದರೆ ಆ ಲೆಕ್ಕವನ್ನು ಕೇಳುವವರು ಯಾರು?

ಸ್ವೀಡನ್ ದೇಶವು 1809ರಲ್ಲಿಯೇ ಇದಕ್ಕೆಂದು ಸ್ವತಂತ್ರ ಅಧಿಕಾರಿಯ ಹುದ್ದೆಯನ್ನು ನಿರ್ಮಿಸಿತು. ಭಾರತದಲ್ಲಿ ಮೊದಲನೆಯ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಲೋಕಪಾಲ, ಲೋಕಾಯುಕ್ತ ಸಂಸ್ಥೆಗಳನ್ನು ಶಿಫಾರಸು ಮಾಡಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರವು ತಂದ 1984ರ ಲೋಕಾಯುಕ್ತ ಅಧಿನಿಯಮವು 1986ರಲ್ಲಿ ಜಾರಿಗೆ ಬಂದಿತು. ಮಂತ್ರಿಗಳಷ್ಟೇ ಅಲ್ಲದೆ ಪುರಸಭೆಯ ನೌಕರರೂ ಇದರ ವ್ಯಾಪ್ತಿಗೆ ಒಳಪಟ್ಟರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1953ರವರೆಗೆ ಮದರಾಸಿಗೆ ಸೇರಿದ್ದು, ಅನಂತರ ಮೈಸೂರಿಗೆ ಬಂದಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಇವೆಲ್ಲವೂ ವಿಜಯನಗರ ಜಿಲ್ಲೆಯಲ್ಲಿವೆ. ಕಚೇರಿಯ ನಾಮಫಲಕ ಎಷ್ಟು ಸಲ ಬದಲಾದರೂ, ಖಾತೆ ಬದಲಾವಣೆಗೋ ನಲ್ಲಿಯ ಸಂಪರ್ಕಕ್ಕೋ ಅರ್ಜಿ ಹಿಡಿದು ನಿಂತ ನಾಗರಿಕನ ಪ್ರಶ್ನೆ ಬದಲಾಗಲಿಲ್ಲ.

ಕೂಡ್ಲಿಗಿಯ ನೆರೆಯ ಸಂಡೂರಿನ ಕಬ್ಬಿಣದ ಅದಿರು ಲೋಕಾಯುಕ್ತದ ದೊಡ್ಡ ಪರೀಕ್ಷೆಯಾಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯು, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಅಂದಾಜಿಸಿತು. ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆಯಿತ್ತರು. 2016ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿತು. ವರದಿ ಬೇರೆ, ತೀರ್ಪು ಬೇರೆ ಎಂಬುದನ್ನು ಮರೆಯಲಾಗದು.

ಕಾವಲುಗಾರನ ಮನೆಯೂ ಕಳಂಕದಿಂದ ದೂರ ಉಳಿಯಲಿಲ್ಲ. ಲೋಕಾಯುಕ್ತರೊಬ್ಬರ ಪುತ್ರನ ಮೇಲೆ ಸುಲಿಗೆಯ ಆರೋಪ ಬಂದು, ಅವರು 2015ರ ಡಿಸೆಂಬರಿನಲ್ಲಿ ಹುದ್ದೆ ತ್ಯಜಿಸಿದರು. ಮರುವರ್ಷ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವಹಿಸಿತು. ಲೆಕ್ಕ ಕೊಡಬೇಕಾದವರ ಅಧೀನಕ್ಕೇ ಲೆಕ್ಕ ಕೇಳುವವರು ಬಂದಂತಾಯಿತು. ಉಚ್ಚ ನ್ಯಾಯಾಲಯವು 2022ರ ಆಗಸ್ಟ್ 11ರಂದು ಆ ಆದೇಶವನ್ನು ರದ್ದುಗೊಳಿಸಿ, ಪ್ರಕರಣಗಳನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಈ ಇತಿಹಾಸದ ಪಾಠ ಸರಳವಾದುದು. ಸಂಸ್ಥೆಯ ಬಲವು ಒಬ್ಬ ಪ್ರಾಮಾಣಿಕ ವ್ಯಕ್ತಿಯನ್ನೇ ನೆಚ್ಚಿಕೊಂಡಿದ್ದರೆ, ಆತನೊಡನೆಯೇ ಅದು ನಿರ್ಗಮಿಸುವುದು. ಲೋಕಾಯುಕ್ತದ ಕೈಯಲ್ಲಿರುವುದು ವಿಚಾರಣೆ ಮತ್ತು ಶಿಫಾರಸು. ಉಳಿದುದು ಸರ್ಕಾರ, ನ್ಯಾಯಾಲಯಗಳಿಗೆ ಬಿಟ್ಟದ್ದು. ಆದುದರಿಂದ ಬೆಂಗಳೂರಿನ ಕಾವಲನ್ನಷ್ಟೇ ನಂಬಿ ಕೂರುವಂತಿಲ್ಲ. ಪುರಸಭೆಯ ಆಯವ್ಯಯವನ್ನು ಕೇಳಿ ನೋಡುವ ಹಕ್ಕನ್ನು 2005ರ ಮಾಹಿತಿ ಹಕ್ಕು ಅಧಿನಿಯಮವು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ತನ್ನ ಕೆಲಸ ಬೇಗನೆ ಆಗಲೆಂದು ಲಂಚವನ್ನಿತ್ತು, ಅನಂತರ ಅಧಿಕಾರಿಯನ್ನು ನಿಂದಿಸುವವನು ಆ ಹಕ್ಕನ್ನು ತಾನೇ ಮಾರಿಕೊಂಡಂತೆ. ಲೆಕ್ಕ ಕೇಳಬಯಸುವವನ ಕೈ ಮೊದಲು ಶುದ್ಧವಾಗಿರಬೇಕು.