ಹರಳೆಣ್ಣೆಯೂ ನನ್ನ ಸ್ಕೂಟರೂ

ಹರಳೆಣ್ಣೆ ಎಂದೊಡನೆ ಈಗಲೂ ನನ್ನ ಕೈ ಮೂಗಿಗೆ ಹೋಗುತ್ತದೆ. ಅಜ್ಜಿ ಬಿಸಿ ಕಾಫಿಗೆ ಬೆರೆಸಿ ಕುಡಿಸಿ, ಹೊಟ್ಟೆ ತೊಳೆದುಹೋಗುವವರೆಗೂ ಊಟ ಕೊಡುತ್ತಿರಲಿಲ್ಲ. ಅದೇ ಎಣ್ಣೆ ವಿಮಾನಗಳನ್ನು ಹಾರಿಸಿತ್ತೆಂದು ತಿಳಿದದ್ದು ನಾನು ಸ್ಕೂಟರ್ ಕೆಡಿಸಿಕೊಂಡ ಮೇಲೆ.

1996ರಲ್ಲಿ ನನ್ನ ಬಳೆ ಅಡವಿಟ್ಟು ಹಳೆಯ ಟೂ ಸ್ಟ್ರೋಕ್ ಸ್ಕೂಟರ್ ಕೊಂಡೆವು. ಪೆಟ್ರೋಲ್ ಹಾಕಿಸುವಾಗಲೆಲ್ಲ ಅಳತೆಯ ಆಯಿಲ್ ಬೆರೆಸಬೇಕೆಂದು ನಮ್ಮವರು ಹೇಳಿದ್ದರು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ಎರಡು ಸಲ ಬರಿ ಪೆಟ್ರೋಲ್ ಹಾಕಿಸಿದೆ. ಮೂರನೆಯ ದಿನ ನಡುರಸ್ತೆಯಲ್ಲಿ ಚಕ್ರ ಹಿಡಿದುಕೊಂಡಿತು. ಬಿದ್ದು ಏಟಾಗಲಿಲ್ಲ, ಅದೇ ಪುಣ್ಯ.

ಗ್ಯಾರೇಜಿನವನು ಗೀರು ಬಿದ್ದ ಪಿಸ್ಟನ್ ಕೈಗಿಟ್ಟು, "ಒಗ್ಗರಣೆಗೆ ಎಣ್ಣೆ ಹಾಕೋದು ಮರೀತೀರಾ ಮೇಡಂ?" ಎಂದ. ಈ ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವುದಿಲ್ಲ. ಪೆಟ್ರೋಲಿನ ಜೊತೆ ಬಂದು, ಜಾರಿಸಿ, ಉರಿದುಹೋಗುತ್ತದೆ.

ಮೊದಲ ಮಹಾಯುದ್ಧದ ಹಲವು ವಿಮಾನಗಳ ಇಂಜಿನ್ನುಗಳೂ ಹೀಗೆಯೇ. ಸಿಲಿಂಡರುಗಳೇ ಗಿರಗಿರನೆ ಸುತ್ತುವ ಅವುಗಳಲ್ಲಿ ನೆಲದೆಣ್ಣೆ ಪೆಟ್ರೋಲಿನಲ್ಲಿ ಕರಗಿ ತೆಳುವಾಗುತ್ತಿತ್ತು. ಹರಳೆಣ್ಣೆ ಸುಲಭವಾಗಿ ಕರಗದು, ಕಾದ ಲೋಹವನ್ನೂ ಬಿಡದೆ ಅಂಟಿಕೊಳ್ಳುತ್ತದೆ. ಅದರ ಹೊಗೆ ಮುಖಕ್ಕೆ ಬಡಿದು ಪೈಲಟ್ಟುಗಳ ಹೊಟ್ಟೆ ಕೆಡುತ್ತಿತ್ತಂತೆ. ಪಾಪ, ಅಜ್ಜಿಯ ಕಾಫಿ ಕುಡಿಯದೆಯೇ! ಯುದ್ಧದ ಕೊನೆಗೆ ಅಮೆರಿಕ ತನ್ನ ನೆಲದಲ್ಲಿ ಹರಳು ಬೆಳೆಯಲು ಭಾರತದಿಂದ ಬೀಜ ತರಿಸಿಕೊಂಡಿತು. ನಮ್ಮ ಹೊಲದ ಬದುವಿನಲ್ಲಿ ಯಾರೂ ಕಣ್ಣೆತ್ತಿ ನೋಡದ ಗಿಡ! 'ಕ್ಯಾಸ್ಟ್ರಾಲ್' ಎಂಬ ಹೆಸರೂ 1909ರಲ್ಲಿ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಹುಟ್ಟಿದ್ದು.

ಆದರೆ ಹರಳೆಣ್ಣೆ ಕಾದು ಕಾದು ಅಂಟಾಗುತ್ತದೆ; ದೋಸೆ ಕಾವಲಿಯ ಅಂಚಿನ ಜಿಡ್ಡು ನೆನೆಸಿಕೊಳ್ಳಿ. ಹಾಗಾಗಿ ದಿನಬಳಕೆಯ ಗಾಡಿಗಳಿಗೆ ನೆಲದೆಣ್ಣೆಯೇ ನಿಂತಿತು. 1911ರಲ್ಲಿ ಅಮೆರಿಕದ ವಾಹನ ಇಂಜಿನಿಯರುಗಳ ಸಂಘ ಎಣ್ಣೆಯನ್ನು ಮಂದತೆಯ ಮೇಲೆ ವಿಂಗಡಿಸಿತು. ಡಬ್ಬಿಯ ಮೇಲಿನ ಸಂಖ್ಯೆ ಆ ವಂಶದ್ದೇ. 20ಡಬ್ಲ್ಯು-40 ಎಂದರೆ ಚಳಿಯಲ್ಲಿ 20ರ ತೆಳುವು, ಇಂಜಿನ್ ಕಾದಾಗ 40ರ ಮಂದ. ಡಬ್ಲ್ಯು ಎಂದರೆ ವಿಂಟರ್. ನಾನು ಬಹುದಿನ ವಾಟರ್ ಎಂದುಕೊಂಡಿದ್ದೆ.

ಮಂದವಾದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ, ಮೊಸರಿನ ಹಾಗೆ. ಈಗಿನ ಹಲವು ಸ್ಕೂಟರುಗಳಿಗೆ ತೆಳುವಾದ 10ಡಬ್ಲ್ಯು-30 ಸಾಕು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ನಾವು ಅದನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಗ್ಯಾರೇಜಿನವನನ್ನು ಕೇಳುತ್ತೇವೆ.

ಆ ಪಿಸ್ಟನ್ ಖರ್ಚಿನಿಂದಾಗಿ ಬಳೆ ಬಿಡಿಸಿಕೊಳ್ಳಲು ಮತ್ತೊಂದು ವರ್ಷ ಹಿಡಿಯಿತು. ನಮ್ಮವರು ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ಪೆಟ್ರೋಲ್ ಹಾಕಿಸುವ ಕೆಲಸ ತಾವೇ ವಹಿಸಿಕೊಂಡರು.